ಪದ ಬೇಕಿದೆ: ಎಕ್ಸಾಸ್ಟ್ ಗ್ಯಾಸ್ ರೀಸರ್ಕ್ಯುಲೇಶನ್ (ತುರ್ತು)

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ಹಳೆಯ ಕಾರ್ಬುರೇಟರ್ ಎಂಜಿನ್‌ಗಳ ಕೈಪಿಡಿಯೊಂದನ್ನು ಅನುವಾದಿಸುತ್ತಿದ್ದೇನೆ. ನಾಳೆ ಸಂಜೆ ಅಚ್ಚಿಗೆ ಹೋಗಬೇಕು. ಎಕ್ಸಾಸ್ಟ್ ಗ್ಯಾಸ್ ರೀಸರ್ಕ್ಯುಲೇಶನ್, ಅಂದರೆ ಎಂಜಿನ್ ಹೊರಬಿಡುವ ಅನಿಲದಲ್ಲಿ ಸ್ವಲ್ಪವನ್ನು ಮತ್ತೆ ಸಿಲಿಂಡರಿಗೆ ಕಳಿಸುವ ವ್ಯವಸ್ಥೆ (ಇಜಿಆರ್), ಅಳವಡಿಸಿ ಪೆಟ್ರೋಲ್ ಉಳಿಸುವುದರ ಬಗ್ಗೆ ಒಂದು ಇಡೀ ಅಧ್ಯಾಯವಿದೆ. ಅದರ ತಲೆಬರಹವೇ ಕೂರುತ್ತಿಲ್ಲ. ‘ನಿಷ್ಕಾಸ ಅನಿಲ ಮರುಪರಿಚಲನೆ’ ಎಂದು ಸದ್ಯಕ್ಕೆ ಹಾಕಿದ್ದೇನೆ. ಓದುವವರು ಮೆಕ್ಯಾನಿಕ್‌ಗಳು, ಅವರಿಗೆ ಇದು ದಕ್ಕುವುದಿಲ್ಲ. ‘ಹೊಗೆ ಮರುಬಳಕೆ’ ಅಂದರೆ ನಡೆಯುತ್ತದೆಯೇ?

ಉತ್ತರ 1:
‘ಮರು’ ಕನ್ನಡ, ‘ಪರಿಚಲನೆ’ ಸಂಸ್ಕೃತ. ಅರಿಸಮಾಸ. ಬೇಡ.
‘ಹೊಗೆ’ ಇರಲಿ. ಹಳಗನ್ನಡದ ‘ಪೊಗೆ’, ತಮಿಳಿನ ‘ಪುಗೈ’ ಎಲ್ಲ ಒಂದೇ ಬೇರು. ‘ಹೊಗೆಮರಳಿಕೆ’ ಎಂದು ಕಟ್ಟಿ.

ಉತ್ತರ 2:
ಮರುಮುದ್ರಣ, ಮರುಪರೀಕ್ಷೆ ಎಂದು ದಿನವೂ ಬರೆಯುತ್ತೇವೆ. ಅರಿಸಮಾಸದ ಮಾತು ಸಾಕು ಮಾಡೋಣ.

‘ಹೊಗೆ’ ಬೇಡ ಅನ್ನುವುದಕ್ಕೆ ನನ್ನ ಕಾರಣ ಬೇರೆ. ಹೊಗೆ ಅಂದರೆ ಕಣ್ಣಿಗೆ ಕಾಣುವಂಥದ್ದು, ಮಸಿ ಇರುವಂಥದ್ದು. ಸರಿಯಾಗಿ ಓಡುತ್ತಿರುವ ಪೆಟ್ರೋಲ್ ಎಂಜಿನ್ ಹೊರಗೆ ಬಿಡುವುದು ಬಹುಪಾಲು ನೈಟ್ರೋಜನ್, ಕಾರ್ಬನ್ ಡೈಆಕ್ಸೈಡ್ ಮತ್ತು ನೀರಾವಿ. ‘ಮರುಬಳಕೆ’ ಇನ್ನೂ ಕೆಟ್ಟದ್ದು. ಸುಡದೆ ಉಳಿದ ಪೆಟ್ರೋಲನ್ನು ಮತ್ತೆ ಸುಡುತ್ತಾರೆ ಎಂದೇ ಓದುಗ ಅಂದುಕೊಳ್ಳುತ್ತಾನೆ. ಇಲ್ಲಿ ನಡೆಯುವುದು ಅದಲ್ಲ. ವಾಪಸ್ ಬರುವ ಗಾಳಿ ಉರಿಯುವುದಿಲ್ಲ, ಅದಕ್ಕೇ ಅದು ಉಪಯೋಗಕ್ಕೆ ಬರುತ್ತದೆ.

ಗಾಡಿ ನಿಧಾನವಾಗಿ ಹೋಗುವಾಗ ಥ್ರಾಟಲ್ (ಎಂಜಿನ್ನಿಗೆ ಹೋಗುವ ಗಾಳಿಯನ್ನು ಹಿಡಿತದಲ್ಲಿಡುವ ಬಾಗಿಲು) ಬಹುಪಾಲು ಮುಚ್ಚಿರುತ್ತದೆ, ಅಲ್ವಾ? ಆ ಸಂದಿಯಿಂದ ಗಾಳಿ ಎಳೆದುಕೊಳ್ಳುವುದಕ್ಕೇ ಪಿಸ್ಟನ್ ಒಂದಿಷ್ಟು ಶಕ್ತಿ ಖರ್ಚು ಮಾಡುತ್ತದೆ. ಸಿಲಿಂಡರಿನ ಸ್ವಲ್ಪ ಜಾಗವನ್ನು ಸುಟ್ಟ ಗಾಳಿ ತುಂಬಿದರೆ, ಗಾಡಿಗೆ ಮೊದಲಿನಷ್ಟೇ ಎಳೆತ ಸಿಗಲು ಥ್ರಾಟಲನ್ನು ಜಾಸ್ತಿ ತೆರೆಯಬೇಕಾಗುತ್ತದೆ. ಒಳಗೆಳೆಯುವ ಕೆಲಸ ಹಗುರವಾಗುತ್ತದೆ. ಉರಿಯ ಬಿಸಿ ತಗ್ಗುವುದರಿಂದ ಸಿಲಿಂಡರ್ ಗೋಡೆಗೆ ಸೋರುವ ಶಾಖವೂ ಕಡಿಮೆ. ಉಳಿತಾಯ ಬರುವುದು ಇಲ್ಲಿಂದ.

ಒಂದು ಮಾತು ಅಧ್ಯಾಯದಲ್ಲಿ ಇಲ್ಲದಿದ್ದರೆ ಅಡಿಟಿಪ್ಪಣಿ ಹಾಕಿ. ಸುಟ್ಟ ಗಾಳಿ ಬೆರೆತಾಗ ಉರಿ ನಿಧಾನವಾಗುತ್ತದೆ, ಹಾಗಾಗಿ ಸ್ಪಾರ್ಕ್ ಮುಂಚೆಯೇ ಬರಬೇಕು. ಟೈಮಿಂಗ್ ಮುಟ್ಟದೆ ಸುಮ್ನೆ ಪೈಪ್ ಜೋಡಿಸಿದರೆ ಮೈಲೇಜ್ ಬರುವುದಿಲ್ಲ. ಐಡಲ್‌ನಲ್ಲಿ, ಅಂದರೆ ಗಾಡಿ ನಿಂತು ಎಂಜಿನ್ ಮಾತ್ರ ಓಡುವಾಗ, ಇಜಿಆರ್ ವಾಲ್ವ್ ಮುಚ್ಚಿರಬೇಕು, ಇಲ್ಲದಿದ್ದರೆ ಎಂಜಿನ್ ನಡುಗಿ ನಿಂತುಹೋಗುತ್ತದೆ. 1970ರ ದಶಕದ ಆರಂಭದಲ್ಲಿ ಅಮೆರಿಕದ ಕಾರುಗಳಿಗೆ ಇಜಿಆರ್ ಬಂದದ್ದು ನೈಟ್ರೋಜನ್ ಆಕ್ಸೈಡ್‌ಗಳನ್ನು ತಗ್ಗಿಸುವುದಕ್ಕೆ, ಇಂಧನ ಉಳಿಸುವುದಕ್ಕಲ್ಲ.

ಪದದಲ್ಲಿ ‘ಸುಟ್ಟ’ ಬರಲೇಬೇಕು. ‘ಸುಟ್ಟಗಾಳಿಯ ಮರುಸುತ್ತು’ ಎನ್ನಿ.

ಉತ್ತರ 1:
‘ಸುಟ್ಟಗಾಳಿ’ ಗಮಕ ಸಮಾಸ. ಒಪ್ಪಿದೆ.

ಉತ್ತರ 3:
ಒಪ್ಪುವಂಥದ್ದೇನಿಲ್ಲ. ಗಾಳಿ ಅಂದರೆ ಬೀಸುವ ಗಾಳಿ. ಶಾಸ್ತ್ರಕ್ಕೆ ‘ಅನಿಲ’ ಎಂಬ ಖಚಿತ ಪದ ಇರುವಾಗ ಹಳ್ಳಿಮಾತು ಯಾಕೆ?

ಉತ್ತರ 2:
‘ಅನಿಲ’ಕ್ಕೆ ಸಂಸ್ಕೃತದಲ್ಲೂ ಬೀಸುವ ಗಾಳಿ ಎಂದೇ ಅರ್ಥ. ಅದಕ್ಕೆ ಹೊಸ ಅರ್ಥ ಕೊಟ್ಟವರು ನಾವು. ‘ಗ್ಯಾಸ್’ ಕೂಡ 17ನೇ ಶತಮಾನದಲ್ಲಿ ವಾನ್ ಹೆಲ್ಮಾಂಟ್ ಎಂಬ ರಸಾಯನ ವಿಜ್ಞಾನಿ ಗ್ರೀಕ್ ಪದವೊಂದರ ಮೇಲೆ ಕಟ್ಟಿದ ಮಾತು. ‘ಅನಿಲ’ಕ್ಕೆ ಹೊಸ ಅರ್ಥ ಒಗ್ಗಿದಂತೆ ‘ಗಾಳಿ’ಗೂ ಒಗ್ಗುತ್ತದೆ.

ಉತ್ತರ 4:
ಮೆಕ್ಯಾನಿಕ್ ‘ಇಜಿಆರ್ ವಾಲ್ವ್’ ಅಂತಾನೆ. ಮುಗೀತು. ಕಾರ್ಬುರೇಟರ್, ಸೈಲೆನ್ಸರ್ ಎಲ್ಲವೂ ಹಾಗೆಯೇ ಬಂದಿವೆ. ಅರ್ಜಿ, ಕಾನೂನು ಯಾವ ಊರಿನವು? ಬೇಡವೆಂದು ಯಾರೂ ಹೊರಗೆ ಹಾಕಲಿಲ್ಲವಲ್ಲ.

ಉತ್ತರ 1:
ಅರ್ಜಿ ಜನರ ಬಾಯಲ್ಲಿ ನವೆದು ಕನ್ನಡವಾಯಿತು. ಇಜಿಆರ್ ಬರೀ ಮೂರು ಇಂಗ್ಲಿಷ್ ಅಕ್ಷರ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಉತ್ತರ 4:
ಅದನ್ನೂ ನವೆಯಲು ಬಿಡಿ.

ಪ್ರಶ್ನೆ ಕೇಳಿದವರು:
ತಲೆಬರಹಕ್ಕೆ ‘ಸುಟ್ಟಗಾಳಿಯ ಮರುಸುತ್ತು’, ಒಳಗೆ ಎಲ್ಲ ಕಡೆ ‘ಇಜಿಆರ್’ ಎಂದು ಇಡುತ್ತೇನೆ. ಸ್ಪಾರ್ಕ್ ಟೈಮಿಂಗ್ ವಿಷಯ ಮೂಲದಲ್ಲಿ ಒಂದೇ ಸಾಲಿನಲ್ಲಿದೆ, ಅದನ್ನು ಬಿಡಿಸಿ ಬರೆಯುತ್ತೇನೆ. ಡೀಸೆಲ್ ಎಂಜಿನ್‌ಗೆ ಈ ಉಳಿತಾಯದ ಮಾತು ಹೊಂದುವುದಿಲ್ಲ, ಅಲ್ಲಿ ಥ್ರಾಟಲ್‌ನ ಎಳೆದಾಟವೇ ಇಲ್ಲ ಎಂದೂ ಸೇರಿಸುತ್ತೇನೆ. ‘ವಾಲ್ವ್’ ಹಾಗೇ ಇರಲೋ, ‘ಕವಾಟ’ ಮಾಡಲೋ? ಇಂದು ರಾತ್ರಿಯೊಳಗೆ ತಿಳಿಸಿ.