ಅಪ್‌ಡೇಟ್: 1936ರ ವ್ಯಂಗ್ಯಚಿತ್ರದಲ್ಲಿ ಡಾನ್ಜಿಗ್ ಏಕಿದೆ?

ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು. ನನ್ನ ಪ್ರಶ್ನೆ ಬ್ರಿಟನ್ನಿನ ಪತ್ರಿಕಾ ವ್ಯಂಗ್ಯಚಿತ್ರಕಾರ ಡೇವಿಡ್ ಲೋ ಅವರ ಒಂದು ಚಿತ್ರದ ಬಗ್ಗೆ. ಬೆನ್ನುಮೂಳೆಯಿಲ್ಲದ ಪ್ರಜಾಪ್ರಭುತ್ವದ ನಾಯಕರು ಸಾಲಾಗಿ ಬಾಗಿದ್ದಾರೆ. ಅವರ ಬೆನ್ನುಗಳನ್ನೇ ಮೆಟ್ಟಿಲಾಗಿಸಿಕೊಂಡು ಹಿಟ್ಲರ್ ನಡೆಯುತ್ತಿದ್ದಾನೆ. ಮೆಟ್ಟಿಲುಗಳ ಮೇಲೆ ಮರುಶಸ್ತ್ರೀಕರಣ, ರೈನ್‌ಲ್ಯಾಂಡ್, ಡಾನ್ಜಿಗ್ ಎಂಬ ಹೆಸರುಗಳಿವೆ. ಜರ್ಮನಿ ಡಾನ್ಜಿಗ್ ನಗರವನ್ನು (ಇಂದಿನ ಪೋಲೆಂಡಿನ ಗ್ಡಾನ್ಸ್ಕ್) ಸೇರಿಸಿಕೊಂಡದ್ದು 1939ರಲ್ಲಿ. ಹಾಗಾದರೆ ಮೂರು ವರ್ಷ ಮೊದಲೇ ಆ ಹೆಸರು ಹೇಗೆ ಬಂತು ಎಂದು ಕೇಳಿದ್ದೆ.

ಚಿತ್ರ ಪ್ರಕಟವಾದ ದಿನಾಂಕವನ್ನು ನೋಡಿ ಎಂದು ಒಬ್ಬರು ಹೇಳಿದ್ದು ಬಾಗಿಲು ತೆರೆಯಿತು. ಅದು 1936ರ ಜುಲೈ 8. ಅದಕ್ಕೆ ಕೆಲವೇ ದಿನ ಮೊದಲು ಡಾನ್ಜಿಗ್ ಸೆನೆಟ್‌ನ ನಾಜಿ ಅಧ್ಯಕ್ಷ ಆರ್ಥರ್ ಗ್ರೈಸರ್ ಜಿನೀವಾಕ್ಕೆ ಹೋಗಿ, ರಾಷ್ಟ್ರಸಂಘವನ್ನು (ಮೊದಲ ಮಹಾಯುದ್ಧದ ನಂತರ ದೇಶಗಳು ಕಟ್ಟಿದ್ದ ಲೀಗ್ ಆಫ್ ನೇಷನ್ಸ್) ಅದರ ಸಭೆಯಲ್ಲೇ ಕಟುವಾಗಿ ಟೀಕಿಸಿ, ಹೊರಡುವಾಗ ಪತ್ರಕರ್ತರತ್ತ ಮೂಗಿಗೆ ಹೆಬ್ಬೆರಳಿಟ್ಟು ಅಣಕಿಸಿದ್ದ. ಚಿತ್ರದ ಹಿಟ್ಲರ್ ಮಾಡುತ್ತಿರುವುದೂ ಅದೇ ಸನ್ನೆ! ಆ ನಗರವೋ ರಾಷ್ಟ್ರಸಂಘದ ರಕ್ಷಣೆಯಲ್ಲಿದ್ದದ್ದು. ಅಂದಿನ ಓದುಗರಿಗೆ ವಿವರಣೆಯೇ ಬೇಕಿರಲಿಲ್ಲ.

ಒಪ್ಪಂದದ ಪ್ರಕಾರ ಸೈನ್ಯ ಇರಬಾರದಾಗಿದ್ದ ಜರ್ಮನಿಯ ರೈನ್‌ಲ್ಯಾಂಡ್ ಪ್ರದೇಶಕ್ಕೆ ಹಿಟ್ಲರನ ಸೈನ್ಯ ನುಗ್ಗಿದ್ದು ಅದೇ ವರ್ಷದ ಮಾರ್ಚ್ 7ರಂದು. ಬ್ರಿಟನ್, ಫ್ರಾನ್ಸ್ ಪ್ರತಿಭಟಿಸಿದವು, ಸೈನ್ಯ ಕಳಿಸಲಿಲ್ಲ. ಆದ್ದರಿಂದಲೇ ಲೋ ಅವರ ಕೋಪ ಹಿಟ್ಲರನಿಗಿಂತ ಬಾಗಿದವರ ಮೇಲೇ ಹೆಚ್ಚು ಎಂದು ನನಗೆ ಈಗ ಅನಿಸುತ್ತದೆ. ಮುಂದಿನ ಕೆಲವು ಮೆಟ್ಟಿಲುಗಳ ಮೇಲೆ ಪ್ರಶ್ನಾರ್ಥಕ ಚಿಹ್ನೆಗಳಿವೆ. 1938ರಲ್ಲಿ ಆ ಜಾಗಕ್ಕೆ ಆಸ್ಟ್ರಿಯಾ, ಚೆಕೊಸ್ಲೊವಾಕಿಯಾದ ಸುಡೆಟನ್‌ಲ್ಯಾಂಡ್ ಬಂದವು.

ಇನ್ನು ಸುಡೆಟನ್‌ಲ್ಯಾಂಡ್ ಅನ್ನು ಜರ್ಮನಿಗೆ ಬಿಟ್ಟುಕೊಟ್ಟ 1938ರ ಮ್ಯೂನಿಕ್ ಒಪ್ಪಂದದ ಕಾಲದ ಚಿತ್ರಗಳನ್ನು ಓದುತ್ತೇನೆ. ಫ್ರೆಂಚ್ ವ್ಯಂಗ್ಯಚಿತ್ರಕಾರರು ಆಗಿನ ಬ್ರಿಟಿಷ್ ಪ್ರಧಾನಿ ಚೇಂಬರ್ಲೇನ್ ಅವರನ್ನು ಹೇಗೆ ಬಿಡಿಸಿದರು ಎಂಬುದು ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ತಿಳಿಸಿ.