ಪದಚರ್ಚೆ: ಹಳೆಯ ಪತ್ರಿಕೆಗಳ ಸಾವಿನ ಸುದ್ದಿಗಳ ಕಪಾಟಿಗೆ ಫಲಕದಲ್ಲಿ ಯಾವ ಪದ?

ಪ್ರಶ್ನೆ, ಬೆಳಗಾವಿಯಿಂದ

ಮಾನ್ಯರೇ, ನಮಸ್ಕಾರ.

ನಮ್ಮ ವಾಚನಾಲಯದಲ್ಲಿ ಹಳೆಯ ದಿನಪತ್ರಿಕೆಗಳ ಸಂಪುಟಗಳಿಂದ ಸಾವಿನ ಸುದ್ದಿಗಳನ್ನು ಝೆರಾಕ್ಸ್ ಮಾಡಿಸಿ, ಊರು ಮತ್ತು ಅಡ್ಡಹೆಸರಿನ ಪ್ರಕಾರ ಕಡತಗಳಲ್ಲಿ ಹೊಂದಿಸುತ್ತಿದ್ದೇವೆ. ತಮ್ಮ ಮನೆತನದ ಹಿಂದಿನ ತಲೆಮಾರುಗಳನ್ನು ಹುಡುಕಿಕೊಂಡು ಬರುವವರಿಗೆ ಈ ಕಡತಗಳು ತೆರೆದಿರುತ್ತವೆ. ಕಪಾಟಿನ ಫಲಕ ಬರೆಯುವವರು ಇದೇ ಶುಕ್ರವಾರ ಬರುತ್ತಾರೆ. ಅಷ್ಟರೊಳಗೆ ಪದ ನಿಶ್ಚಯವಾಗಬೇಕು. ನಮ್ಮಲ್ಲಿ ಒಬ್ಬರು ‘ಶ್ರದ್ಧಾಂಜಲಿ’ ಎನ್ನುತ್ತಾರೆ, ಇನ್ನೊಬ್ಬರು ‘ಮರಣವಾರ್ತೆ’ ಎನ್ನುತ್ತಾರೆ, ಮೂರನೆಯವರು ಮರಾಠಿಯ ‘ಮೃತ್ಯುಲೇಖ’ವನ್ನೇ ಇಟ್ಟರೆ ಗಡಿಯ ಊರಿನಲ್ಲಿ ಎರಡೂ ಭಾಷೆಯವರಿಗೆ ತಿಳಿಯುತ್ತದೆ ಎನ್ನುತ್ತಾರೆ.

ಇದರ ಜೊತೆಗೆ ಇನ್ನೊಂದು ಪ್ರಶ್ನೆಯಿದೆ. ಸುದ್ದಿಗಳಲ್ಲಿ ‘ಲಿಂಗೈಕ್ಯ’, ‘ಕೈಲಾಸವಾಸಿ’, ‘ವೈಕುಂಠವಾಸಿ’, ‘ಸ್ವರ್ಗಸ್ಥ’ ಎಂದು ಬೇರೆ ಬೇರೆ ಪದಗಳಿವೆ. ಸೂಚಿ ತಯಾರಿಸುವಾಗ ಎಲ್ಲಕ್ಕೂ ‘ನಿಧನ’ ಎಂದು ಒಂದೇ ಪದ ಹಾಕಿದರೆ ಆದೀತೇ?

ಉತ್ತರ, ವಿಜಯಪುರದಿಂದ

‘ಸಾವುಸುದ್ದಿ’ ಎಂದು ಬರೆಯಿಸಿರಿ. ನೀವು ಕೊಟ್ಟ ಮೂರೂ ಪದಗಳು ಬೇಡ. ಸಾವಿಗೆ ಕನ್ನಡದಲ್ಲಿ ಪದವಿಲ್ಲದಂತೆ ಸಂಸ್ಕೃತದ ಬಾಗಿಲಿಗೆ ಹೋಗುವ ಅಗತ್ಯ ನಮಗೆ ಯಾವ ಕಾಲಕ್ಕೂ ಇರಲಿಲ್ಲ. ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ ಏಳನೆಯ ಶತಮಾನದ ನಿಸಿದಿ ಶಾಸನಗಳು ‘ನೋಂತು ಮುಡಿಪ್ಪಿದರ್’ ಎನ್ನುತ್ತವೆ. ವ್ರತ ಹಿಡಿದು ದೇಹ ಬಿಟ್ಟವರನ್ನು ಕುರಿತು ಅಷ್ಟು ಗೌರವದಿಂದ, ಅಷ್ಟು ಅಚ್ಚಗನ್ನಡದಲ್ಲಿ ಬರೆದ ನಾಡು ಇದು. ಆ ಕ್ರಿಯಾಪದವನ್ನು ನಾವು ಕೈಬಿಟ್ಟೆವು. ‘ಸಾವು’ ಎಂಬುದನ್ನಾದರೂ ಉಳಿಸಿಕೊಳ್ಳೋಣ. ಸೂಚಿಯಲ್ಲಿಯೂ ‘ಸಾವು’ ಎಂದೇ ಹಾಕಿರಿ. ಮಿಕ್ಕದ್ದೆಲ್ಲ ಜಾತಿಗೊಂದು ಅಲಂಕಾರ.

ಉತ್ತರ, ಬಾಗಲಕೋಟೆಯಿಂದ

ಬೆಳಗಾವಿಯ ಮಿತ್ರರಿಗೆ ಶುಕ್ರವಾರದ ಗಡುವು ಇರುವುದರಿಂದ ಮೊದಲು ಫಲಕದ ಮಾತು. ‘ನಿಧನವಾರ್ತೆಗಳು’ ಎಂದು ಬರೆಯಿಸಿರಿ.

‘ಶ್ರದ್ಧಾಂಜಲಿ’ ಇಲ್ಲಿ ಸಲ್ಲದು. ಅದು ಇದ್ದವರು ಹೋದವರಿಗೆ ಸಲ್ಲಿಸುವ ಗೌರವವೇ ಹೊರತು ಹೋದವರ ಸುದ್ದಿಯಲ್ಲ. ಓಣಿಯ ಮೂಲೆಯ ಬ್ಯಾನರಿನ ‘ಭಾವಪೂರ್ಣ ಶ್ರದ್ಧಾಂಜಲಿ’ ಕಣ್ಣಿಗೆ ರೂಢಿಯಾಗಿರುವುದರಿಂದ ಆ ಪದ ಮೊದಲು ನೆನಪಾಗುತ್ತದೆ, ಅಷ್ಟೇ. ‘ಮೃತ್ಯುಲೇಖ’ವೂ ಬೇಡ. ಮರಾಠಿಯಲ್ಲಿ ಅದು ಗಣ್ಯರೊಬ್ಬರ ಬದುಕನ್ನು ಅಳೆದು ತೂಗಿ ಬರೆದ ಲೇಖನಕ್ಕೆ ಒಪ್ಪುವ ಪದ. ನಿಮ್ಮ ಕಡತದಲ್ಲಿರುವ ನಾಲ್ಕು ಸಾಲಿನ ಸುದ್ದಿಗಳಿಗೆ ಮರಾಠಿ ಪತ್ರಿಕೆಗಳು ಕೂಡ ‘ನಿಧನ’ ಎಂಬ ತಲೆಬರಹವನ್ನೇ ಕೊಡುತ್ತವೆ. ಬೆಳಗಾವಿಯಲ್ಲಿ ಮರಾಠಿಯ ‘ತರುಣ ಭಾರತ’ 1919ರಿಂದ ಬರುತ್ತಿದೆ. ‘ಸಂಯುಕ್ತ ಕರ್ನಾಟಕ’ವು ಹುಬ್ಬಳ್ಳಿಗೆ ಹೋಗುವ ಮೊದಲು ಬೆಳಗಾವಿಯಲ್ಲಿಯೇ ಇತ್ತು. ಒಂದೇ ಮನೆತನದ ಸುದ್ದಿ ಎರಡೂ ಭಾಷೆಗಳ ಪತ್ರಿಕೆಗಳಲ್ಲಿ ಸಿಗುವ ಊರು ನಿಮ್ಮದು, ಮತ್ತು ಎರಡಕ್ಕೂ ಒಪ್ಪುವ ಪದ ‘ನಿಧನ’ವೇ ಆಗಿದೆ.

ಈ ಪದವನ್ನು ‘ಧನವಿಲ್ಲದಿರುವುದು’ ಎಂದು ಬಿಡಿಸಿ, ಸಾವಿಗೆ ಅಶುಭವಾದ ಪದವೆಂದು ಬದಿಗಿಡುವವರಿದ್ದಾರೆ. ಆ ಬಿಡಿಸುವಿಕೆ ಇಲ್ಲಿ ಹೊಂದುವುದಿಲ್ಲ. ಸಾಮಗಾನದ ಐದು ಭಾಗಗಳು ಪ್ರಸ್ತಾವ, ಉದ್ಗೀಥ, ಪ್ರತಿಹಾರ, ಉಪದ್ರವ, ನಿಧನ. ಹಾಡಿನ ಕೊನೆಯ ಭಾಗವೇ ನಿಧನ. ‘ಸ್ವಧರ್ಮೇ ನಿಧನಂ ಶ್ರೇಯಃ’ ಎಂಬ ಗೀತೆಯ ಮಾತಿನಲ್ಲಿಯೂ ಇರುವುದು ಈ ಕೊನೆಯ ಅರ್ಥವೇ. ಹಾಡು ಮುಗಿದಂತೆ ಬಾಳು ಮುಗಿಯಿತೆಂದು ಹೇಳುವ ಪದಕ್ಕಿಂತ ಸೌಮ್ಯವಾದದ್ದು ಬೇರೆ ಯಾವುದಿದೆ?

ಇನ್ನು ಎರಡನೆಯ ಪ್ರಶ್ನೆ. ಫಲಕಕ್ಕಿಂತ ಇದೇ ದೊಡ್ಡದು. ಎಲ್ಲಕ್ಕೂ ‘ನಿಧನ’ ಎಂದು ಹಾಕಬೇಡಿರಿ. ವಿಜಯಪುರದವರು ಹೇಳಿದಂತೆ ‘ಸಾವು’ ಎಂದೂ ಹಾಕಬೇಡಿರಿ. ಅವರು ಅಲಂಕಾರವೆಂದು ತಳ್ಳಿಹಾಕಿದ್ದು ಮನೆತನದ ಇತಿಹಾಸ ಹುಡುಕುವವನಿಗೆ ಮೊದಲ ಪುರಾವೆ. ‘ಲಿಂಗೈಕ್ಯರಾದರು’, ‘ಶಿವಾಧೀನರಾದರು’ ಎಂದಿದ್ದರೆ ಒಂದು ದಾರಿ, ‘ವೈಕುಂಠವಾಸಿಗಳಾದರು’ ಎಂದಿದ್ದರೆ ಇನ್ನೊಂದು ದಾರಿ, ‘ಸಮಾಧಿ ಮರಣ’ ಎಂದಿದ್ದರೆ ಜೈನ ಬಸದಿಯ ದಾರಿ, ‘ಪೈಗಂಬರವಾಸಿ’ ಎಂದಿದ್ದರೆ ಮತ್ತೊಂದು ದಾರಿ. ನಮ್ಮ ಮೂರು ಜಿಲ್ಲೆಗಳಲ್ಲಿ ಪಾಟೀಲ, ದೇಸಾಯಿ ಎಂಬ ಅಡ್ಡಹೆಸರುಗಳು ಅನೇಕ ಸಮುದಾಯಗಳಲ್ಲಿ ಇವೆ. ಅಡ್ಡಹೆಸರೊಂದೇ ನೋಡಿ ಇವರು ನಮ್ಮವರೆಂದು ಹೊರಟವನು ಬೇರೆ ಮನೆಯ ಅಂಗಳಕ್ಕೆ ಹೋಗಿ ನಿಲ್ಲುತ್ತಾನೆ. ಅವನನ್ನು ತಡೆದು ನಿಲ್ಲಿಸುವುದು ಆ ಒಂದು ಕ್ರಿಯಾಪದ. ಉತ್ತರಕ್ರಿಯೆಯ ಮಾತೂ ಅಷ್ಟೇ: ‘ಶಿವಗಣಾರಾಧನೆ’ ಎಂದಿದೆಯೋ ‘ವೈಕುಂಠ ಸಮಾರಾಧನೆ’ ಎಂದಿದೆಯೋ ಎಂಬುದನ್ನು ಇದ್ದಂತೆಯೇ ಬರೆದುಕೊಳ್ಳಿರಿ.

ಹೆಸರುಗಳ ಹಿಂದಿನ ಸಣ್ಣ ಸಂಕ್ಷೇಪಗಳು ಇದಕ್ಕಿಂತ ಹೆಚ್ಚು ಹೇಳುತ್ತವೆ. ಸುದ್ದಿಯಲ್ಲಿ ತೀರಿಕೊಂಡವರ ತಂದೆಯ ಹೆಸರಿನ ಹಿಂದೆ ‘ಲಿಂ.’, ‘ಕೈ.’ ಅಥವಾ ‘ದಿ.’ ಎಂದಿದ್ದರೆ ಆ ತಂದೆ ಅಂದಿಗೆ ಇರಲಿಲ್ಲವೆಂದು ತಿಳಿಯುತ್ತದೆ. ಸೊಸೆಯ ಹೆಸರಿನ ಹಿಂದೆ ‘ಸೌ.’ ಎಂದಿದ್ದರೆ ಅವಳ ಗಂಡ ಇದ್ದನೆಂದು ಅರ್ಥ. ಮರಾಠಿ ಪ್ರಕಟಣೆಯಲ್ಲಿ ‘ಗಂ. ಭಾ.’ ಎಂದಿದ್ದರೆ ಅವಳು ವಿಧವೆ ಎಂದು ಅರ್ಥ. ಹೀಗೆ ಒಬ್ಬರ ಸುದ್ದಿಯಲ್ಲಿ ಇನ್ನೂ ಮೂರು ನಾಲ್ಕು ಜನರ ಸಾವಿನ ಕಾಲಕ್ಕೆ ಒಂದು ಮೇಲ್ಮಿತಿ ಸಿಗುತ್ತದೆ. ಸೂಚಿಯನ್ನು ಚೊಕ್ಕಟ ಮಾಡುವ ಉತ್ಸಾಹದಲ್ಲಿ ಈ ಸಂಕ್ಷೇಪಗಳನ್ನು ತೆಗೆದುಹಾಕಿದರೆ ಕಡತವೇ ಬರಿದಾಗುತ್ತದೆ.

ದಿನಾಂಕದ ವಿಷಯದಲ್ಲಿಯೂ ಎಚ್ಚರವಿರಲಿ. ಸುದ್ದಿಯ ಮೊದಲಿಗೆ ‘ಜಮಖಂಡಿ, ತಾ. 9’ ಎಂದು ಅಚ್ಚಾಗಿರುವುದು ಬಾತ್ಮೀದಾರರು ಸುದ್ದಿ ಬರೆದ ದಿನ; ತೀರಿಕೊಂಡ ದಿನ ಒಳಗೆ ‘ನಿನ್ನೆ’ ಎಂದೋ ‘ಕಳೆದ ಸೋಮವಾರ’ ಎಂದೋ ಇರುತ್ತದೆ. ತಿಥಿ ಮತ್ತು ಶಕೆ ಕೊಟ್ಟಿದ್ದರೆ ಎರಡನ್ನೂ ಬರೆಯಿರಿ. ‘ವಿಭವ ಸಂವತ್ಸರ’ ಎಂದಷ್ಟೇ ಇದ್ದರೆ ಅದು 1928-29 ಆಗಬಹುದು, ಅದರ ಹಿಂದಿನ 1868-69 ಕೂಡ ಆಗಬಹುದು. ಶಕೆ 1850 ಎಂದಿದ್ದರೆ ಅನುಮಾನಕ್ಕೆ ಎಡೆಯಿಲ್ಲ.

ಇದನ್ನೆಲ್ಲ ಇಷ್ಟು ಒತ್ತಿ ಹೇಳಲು ಕಾರಣವಿದೆ. ನಮ್ಮ ಕಡೆ ಸಾವಿನ ಸುದ್ದಿ ಹೊತ್ತು ಬರುತ್ತಿದ್ದ ಅಂಚೆ ಕಾರ್ಡಿನ ಮೂಲೆ ಹರಿದಿರುತ್ತಿತ್ತು. ಓದಿದ ಕೂಡಲೇ ಅದನ್ನು ಹರಿದು ಹಾಕುತ್ತಿದ್ದರು, ಮನೆಯಲ್ಲಿ ಇಡುತ್ತಿರಲಿಲ್ಲ. ಮದುವೆಯ ಕರೆಯೋಲೆಗಳು ಟ್ರಂಕಿನಲ್ಲಿ ಉಳಿದವು, ಸಾವಿನ ಕಾರ್ಡುಗಳು ಉಳಿಯಲಿಲ್ಲ. ಹೆಳವರು ಮನೆಮನೆಗೆ ಬಂದು ಪೀಳಿಗೆಗಳನ್ನು ಓದಿ ಹೇಳುವ ಸಂಪ್ರದಾಯ ನಮ್ಮ ಭಾಗ್ಯ. ಆದರೆ ಆ ಹೇಳಿಕೆ ತಂದೆಯಿಂದ ಮಗನಿಗೆ ಇಳಿಯುವ ಹಾದಿಯನ್ನು ಹಿಡಿಯುತ್ತದೆ. ಪತ್ರಿಕೆಯ ಪ್ರಕಟಣೆ ‘ಇಬ್ಬರು ಗಂಡುಮಕ್ಕಳು, ಮೂವರು ಹೆಣ್ಣುಮಕ್ಕಳು, ಅಳಿಯಂದಿರು’ ಎಂದು ಎಣಿಸಿ, ಕೆಲವೊಮ್ಮೆ ಅಳಿಯಂದಿರ ಊರನ್ನೂ ಹೇಳುತ್ತದೆ. ಕೊಟ್ಟ ಹೆಣ್ಣುಮಕ್ಕಳು ಯಾವ ಊರಿಗೆ ಹೋದರೆಂಬುದನ್ನು ಹಿಡಿಯಲು ಇದಕ್ಕಿಂತ ಒಳ್ಳೆಯ ಆಧಾರ ಸಿಗುವುದು ಕಷ್ಟ.

ನಮ್ಮ ಬಾಗಲಕೋಟೆಯ ಸಂಕಟ ಬೇರೆಯೇ ಇದೆ. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಊರಿನ ಬಹುಭಾಗ ಹೋಯಿತು. ಜನ ನವನಗರದ ಸೆಕ್ಟರುಗಳಿಗೆ ಬಂದರು, ಕೆಲವರು ಬೇರೆ ಊರುಗಳಿಗೇ ಹೋದರು. ಯಾವ ಮನೆತನ ಯಾವ ಓಣಿಯಲ್ಲಿತ್ತೆಂಬುದು ಹಳೆಯ ಪ್ರಕಟಣೆಗಳ ಕೆಳಗಿನ ವಿಳಾಸದ ಸಾಲಿನಲ್ಲಿ ಉಳಿದಿದೆ. ಆದುದರಿಂದ ಊರಿನ ಹೆಸರನ್ನೂ ತಿದ್ದಬೇಡಿರಿ. ‘ವಿಜಾಪುರ’ ಎಂದಿದ್ದುದನ್ನು ‘ವಿಜಯಪುರ’ ಮಾಡುವುದು, 1997ಕ್ಕಿಂತ ಮೊದಲಿನ ಸುದ್ದಿಗೆ ‘ಬಾಗಲಕೋಟೆ ಜಿಲ್ಲೆ’ ಎಂದು ಸೇರಿಸುವುದು ಎರಡೂ ಬೇಡ. ಜಮಖಂಡಿ, ಮುಧೋಳ, ರಾಮದುರ್ಗ ಸ್ವಾತಂತ್ರ್ಯದ ಕಾಲದವರೆಗೆ ಸಂಸ್ಥಾನಗಳಾಗಿದ್ದವು. ‘ಜಮಖಂಡಿ ಸಂಸ್ಥಾನ’ ಎಂಬ ಮಾತು ಸುದ್ದಿಯಲ್ಲಿದ್ದರೆ ಮುಂದೆ ಯಾವ ದಫ್ತರದಲ್ಲಿ ಹುಡುಕಬೇಕೆಂಬ ಸೂಚನೆಯೂ ಅದರಲ್ಲಿಯೇ ಇದೆ.

ಉತ್ತರ, ವಿಜಯಪುರದಿಂದ

ಕಡತದ ಒಳಗಿನ ಮಾತಿಗೆ ನನ್ನ ತಕರಾರಿಲ್ಲ. ಅಚ್ಚಾದದ್ದನ್ನು ಅಚ್ಚಾದಂತೆಯೇ ಇಡಿರಿ. ಫಲಕದ ಮಾತಿಗೆ ತಕರಾರಿದೆ. ಸಾಮಗಾನದವರೆಗೆ ಹೋಗಿ ಅರ್ಥ ತರಬೇಕಾದ ಪದ ಕನ್ನಡದ ಓದುಗನಿಗೆ ಯಾಕೆ? ನಮ್ಮ ಹಳ್ಳಿಯಲ್ಲಿ ಯಾರೂ ‘ನಿಧನ’ ಎನ್ನುವುದಿಲ್ಲ, ‘ತೀರಿಕೊಂಡರು’ ಎನ್ನುತ್ತಾರೆ, ‘ಮಣ್ಣಿಗೆ ಹೋಗಿದ್ದೆವು’ ಎನ್ನುತ್ತಾರೆ. ಪತ್ರಿಕೆಗಳು ಸಂಸ್ಕೃತವನ್ನು ತುಂಬಿದವು ಎಂದ ಮಾತ್ರಕ್ಕೆ ವಾಚನಾಲಯಗಳೂ ತುಂಬಬೇಕೆಂದಿಲ್ಲ. ‘ತೀರು’ ಎಂಬುದನ್ನೂ ಸಂಸ್ಕೃತದ ‘ತೀರ’ದಿಂದ ಬಂದದ್ದೆಂದು ಹೇಳುವ ಪಂಡಿತರನ್ನು ಕಂಡಿದ್ದೇನೆ. ತಮಿಳು, ತೆಲುಗು, ಮಲಯಾಳಗಳಲ್ಲಿ ಮುಗಿ ಎಂಬ ಅರ್ಥದಲ್ಲಿಯೇ ಇರುವ ದ್ರಾವಿಡ ಧಾತು ಅದು. ನಮ್ಮದನ್ನು ನಮ್ಮದೆನ್ನಲು ಇಷ್ಟು ಹಿಂಜರಿಕೆ ಏಕೆ?

ಉತ್ತರ, ಬಾಗಲಕೋಟೆಯಿಂದ

‘ತೀರು’ ದ್ರಾವಿಡವೆಂಬುದನ್ನು ನಾನು ಎಲ್ಲಿಯೂ ಅಲ್ಲಗಳೆದಿಲ್ಲ. ಆದರೆ ನೀವು ಅಚ್ಚಗನ್ನಡವೆಂದು ಮುಂದಿಟ್ಟ ‘ಸಾವುಸುದ್ದಿ’ಯಲ್ಲಿ ‘ಸುದ್ದಿ’ ಎಂಬುದು ‘ಶುದ್ಧಿ’ಯ ತದ್ಭವ. ಸಾವು ನಮ್ಮದು, ಸುದ್ದಿ ಎರವಲು. ತದ್ಭವಕ್ಕೆ ಮನೆಯೊಳಗೆ ಜಾಗ, ತತ್ಸಮಕ್ಕೆ ಹೊರಗೆ ಜಾಗ ಎಂಬ ನಿಯಮವನ್ನು ನಾನು ಒಪ್ಪುವುದಿಲ್ಲ. ಹಾಗೆ ಹೊರಟರೆ ಅರಬ್ಬಿಯಿಂದ ಬಂದ ತಾರೀಖು, ಜಿಲ್ಲೆ, ತಾಲೂಕು, ವಕೀಲ ಎಲ್ಲವನ್ನೂ ಬಿಟ್ಟುಕೊಟ್ಟು, ನಮ್ಮ ಮೂರು ಜಿಲ್ಲೆಗಳ ಒಂದೇ ಒಂದು ಹಳೆಯ ಕಾಗದವನ್ನೂ ಓದಲಾರದವರಾಗುತ್ತೇವೆ.

ಫಲಕದ ವಿಷಯದಲ್ಲಿ ನನ್ನ ವಾದ ಸಂಸ್ಕೃತದ ಪರವಲ್ಲ, ಹುಡುಕುವವನ ಪರ. ಅವನು ಕಪಾಟಿನಿಂದ ಸಂಪುಟಕ್ಕೆ ಹೋದಾಗ ಪುಟದ ಮೇಲೆ ಕಾಣುವ ತಲೆಬರಹ ‘ನಿಧನ’ ಎಂದಿರುತ್ತದೆ. ಫಲಕವೂ ಪುಟವೂ ಒಂದೇ ಮಾತಾಡಿದರೆ ಅವನ ಕಣ್ಣು ಬೇಗ ಹಿಡಿಯುತ್ತದೆ.

ಬೆಳಗಾವಿಯ ಮಿತ್ರರಿಗೆ ಇನ್ನೊಂದು ಸಲಹೆ: ಬಾತ್ಮೀದಾರರು ಬರೆದ ಸುದ್ದಿ ಬೇರೆ, ಮನೆಯವರು ಹಣ ಕೊಟ್ಟು ಹಾಕಿಸಿದ ಪ್ರಕಟಣೆ ಬೇರೆ. ಮೊದಲನೆಯದರಲ್ಲಿ ಹೆಸರುಗಳು ತಪ್ಪಾಗುವ ಸಂಭವ ಹೆಚ್ಚು. ಎರಡನೆಯದರಲ್ಲಿ ಹೆಸರುಗಳು ಸರಿ ಇರುತ್ತವೆ, ಆದರೆ ಮುನಿಸಿಕೊಂಡ ಅಣ್ಣತಮ್ಮಂದಿರ ಹೆಸರು ಬಿಟ್ಟುಹೋಗಿರಬಹುದು. ವರ್ಷಾಂತರದ ‘ಪುಣ್ಯಸ್ಮರಣೆ’ಯ ಪ್ರಕಟಣೆಗಳನ್ನು ಮೂರನೆಯ ಕಡತದಲ್ಲಿ ಇಡಿರಿ. ‘ಪ್ರಥಮ’, ‘ದ್ವಿತೀಯ’ ಎಂದು ಅವುಗಳಲ್ಲಿ ಎಣಿಕೆ ಇರುವುದರಿಂದ ಮೂಲ ಸುದ್ದಿ ಸಿಗದಿದ್ದಾಗ ಸಾವಿನ ವರ್ಷವನ್ನು ಹಿಂದಕ್ಕೆ ಲೆಕ್ಕ ಹಾಕಬಹುದು.

ಬೆಳಗಾವಿಯಿಂದ

ಇಬ್ಬರಿಗೂ ಕೃತಜ್ಞತೆಗಳು. ಫಲಕದ ಮೊದಲ ಸಾಲಿಗೆ ‘ನಿಧನವಾರ್ತೆ ಮತ್ತು ಪ್ರಕಟಣೆಗಳು’ ಎಂದೂ, ಎರಡನೆಯ ಸಾಲಿಗೆ ಮರಾಠಿಯಲ್ಲಿ ಅದೇ ‘ನಿಧನ’ ಪದವನ್ನಿಟ್ಟೂ ಬರೆಯಲು ಹೇಳಿದ್ದೇವೆ. ಸೂಚಿಯಲ್ಲಿ ‘ಪತ್ರಿಕೆಯಲ್ಲಿರುವ ಪದ’ ಎಂಬ ಹೊಸ ಅಂಕಣ ತೆರೆದು, ‘ಲಿಂ.’, ‘ಕೈ.’, ‘ಸೌ.’ ಎಂಬವನ್ನು ಹೆಸರಿನ ಜೊತೆಗೆ ಇದ್ದಂತೆಯೇ ಇಡುತ್ತೇವೆ. ವಿಜಯಪುರದ ಹಿರಿಯರ ಮಾತನ್ನೂ ಕೈಬಿಟ್ಟಿಲ್ಲ: ಓದುಗರಿಗೆ ಕೊಡುವ ತಿಳಿವಳಿಕೆಯ ಹಾಳೆಯಲ್ಲಿ ‘ತೀರಿಕೊಂಡವರ ಹೆಸರು’, ‘ತೀರಿಕೊಂಡ ದಿನ’ ಎಂದೇ ಅಚ್ಚು ಮಾಡಿಸುತ್ತೇವೆ.