ಪದಚರ್ಚೆ: ಜಾಝ್‌ನ ‘ಸೈಡ್‌ಮನ್’ ಪಕ್ಕವಾದ್ಯದವನೇ?

ಎಲ್ಲರಿಗೂ ನಮಸ್ಕಾರ,

ಆಲ್ಟೋ ಸ್ಯಾಕ್ಸೊಫೋನ್ ವಾದಕ ಜಾಕಿ ಮೆಕ್ಲೀನ್ (1931–2006) ಬಗ್ಗೆ ಒಂದು ಲೇಖನವನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಬೆಳಿಗ್ಗೆ ಕೊಡಬೇಕು. ‘ಸೈಡ್‌ಮನ್’ (ಇನ್ನೊಬ್ಬರ ಮುಂದಾಳತ್ವದ ತಂಡದಲ್ಲಿ ನುಡಿಸುವವರು) ಹತ್ತಿರ ಬಂದು ನಿಂತುಬಿಟ್ಟಿದ್ದೇನೆ. 1951ರಲ್ಲಿ, ಇಪ್ಪತ್ತನೇ ವಯಸ್ಸಿಗೆ, ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ ರೆಕಾರ್ಡಿಂಗ್‌ನಲ್ಲಿ ನುಡಿಸಿದರು. 1956ರಲ್ಲಿ ಬೇಸ್ ವಾದಕ ಚಾರ್ಲ್ಸ್ ಮಿಂಗಸ್ ಜೊತೆ, ಆಮೇಲೆ ಆರ್ಟ್ ಬ್ಲೇಕಿ ತಂಡದಲ್ಲಿ. ಇಲ್ಲೆಲ್ಲ ಅವರು ಸೈಡ್‌ಮನ್. ನಾನು ‘ಪಕ್ಕವಾದ್ಯದವರು’ ಎಂದು ಬರೆದೆ. ಓದಿದರೆ ಏನೋ ಸರಿಯಿಲ್ಲ ಅನಿಸುತ್ತಿದೆ. ಬೇರೆ ಪದ ಇದೆಯೇ?

ಜೊತೆಗೆ, ‘ಮ್ಯೂಸಿಕ್ ಎಜುಕೇಟರ್’ಗೆ ‘ಸಂಗೀತ ಶಿಕ್ಷಣತಜ್ಞ’ ನಡೆಯುತ್ತದಾ?

— ಅ.

*

ಪಕ್ಕವಾದ್ಯವೇ ಸರಿ. ಕೈಯಲ್ಲೇ ಇರುವ ಪದ ಬಿಟ್ಟು ಊರೆಲ್ಲ ಹುಡುಕುವುದೇಕೆ? ಪಿಟೀಲಿನವರೂ ರಾಗ ವಿಸ್ತರಿಸುತ್ತಾರೆ, ಮೃದಂಗದವರಿಗೆ ತನಿ (ಒಬ್ಬರೇ ಬಾರಿಸುವ ಭಾಗ) ಇರುತ್ತದೆ. ಜಾಝ್‌ನಲ್ಲೂ ಅಷ್ಟೇ ಅಲ್ವಾ?

— ಗೋ.

*

ಅಷ್ಟೇ ಅಲ್ಲ ಸರ್. ಬ್ಲೇಕಿ ಡ್ರಮ್ಸ್‌ನವರು. ‘ಜಾಝ್ ಮೆಸೆಂಜರ್ಸ್’ ತಂಡ ಅವರದ್ದು. ಮುಂದೆ ನಿಂತು ಊದುವ ಮೆಕ್ಲೀನ್ ಸೈಡ್‌ಮನ್, ಹಿಂದೆ ಕೂತು ಬಾರಿಸುವವರು ಯಜಮಾನರು. ಈಗ ಹೇಳಿ, ಪಕ್ಕ ಯಾವುದು? ನಮ್ಮಲ್ಲಿ ಪಕ್ಕವಾದ್ಯ ಅಂದ ಕೂಡಲೇ ಯಾವ ವಾದ್ಯ ಎಂಬುದು ಹೆಚ್ಚುಕಡಿಮೆ ಗೊತ್ತಾಗುತ್ತದೆ. ಅಲ್ಲಿ ಹಾಗಲ್ಲ. ಇವತ್ತು ಲೀಡರ್ ಆದವನು ನಾಳೆ ಗೆಳೆಯನ ರೆಕಾರ್ಡಿಂಗ್‌ನಲ್ಲಿ ಸೈಡ್‌ಮನ್.

ಅದು ವಾದ್ಯದ ಮಾತೇ ಅಲ್ಲ, ಸಂಬಳದ ಮಾತು. ಸಂಗೀತಗಾರರ ಯೂನಿಯನ್ ದರದಲ್ಲಿ ಸೈಡ್‌ಮನ್‌ಗೆ ಒಂದು ಪಾಲು, ಲೀಡರ್‌ಗೆ ಎರಡು. ಮೆಕ್ಲೀನ್ ವಿಷಯದಲ್ಲಂತೂ ಇದು ಬಹಳ ಮುಖ್ಯ. ಮಾದಕವಸ್ತು ಪ್ರಕರಣದಲ್ಲಿ ಅವರ ಕ್ಯಾಬರೆ ಕಾರ್ಡ್ ಹೋಯಿತು. ನ್ಯೂಯಾರ್ಕ್ ಪೊಲೀಸರು ಕೊಡುತ್ತಿದ್ದ ಆ ಚೀಟಿ ಇಲ್ಲದೆ ಮದ್ಯ ಮಾರುವ ಕ್ಲಬ್ಬುಗಳಲ್ಲಿ ನುಡಿಸುವಂತಿರಲಿಲ್ಲ. ಹಾಗಾಗಿ ಸ್ಟುಡಿಯೋ ಕೆಲಸವನ್ನೇ ಜಾಸ್ತಿ ಹಿಡಿದರು. ಕರೆದ ಕಡೆ ಹೋಗಿ ನುಡಿಸಿ ಹೊಟ್ಟೆ ಹೊರೆದ ಆ ಬದುಕು ‘ಪಕ್ಕವಾದ್ಯ’ದಲ್ಲಿ ಎಲ್ಲಿ ಕಾಣುತ್ತದೆ?

— ಸ.

*

ಪಕ್ಕ ಎನ್ನುವುದೇ ‘ಪಕ್ಷ’ದ ತದ್ಭವ. ವಾದ್ಯ ನೇರ ಸಂಸ್ಕೃತ. ಇದನ್ನು ಕೈಯಲ್ಲಿರುವ ಪದ ಎಂದರೆ ಯಾರ ಕೈ? ‘ಜೊತೆಗಾರ’ ಎನ್ನಿ, ಮುಗಿಯಿತು. ಸ್ಯಾಕ್ಸೊಫೋನನ್ನೂ ‘ಊದುಗೊಳವೆ’ ಎನ್ನಬಹುದು. ಇಲ್ಲಿ ಎಷ್ಟೋ ಸಲ ಹೇಳಿದ್ದೇನೆ, ಯಾರೂ ಕೇಳುವುದಿಲ್ಲ.

— ವೀ.

*

ಊದುಗೊಳವೆ ಅಂದರೆ ಒಲೆ ಊದುವ ಕೊಳವೆ, ವೀ. ಅವರೇ. ಸ್ಯಾಕ್ಸ್ ಒಬ್ಬ ಮನುಷ್ಯನ ಹೆಸರು. ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಅದಕ್ಕೆ ಪೇಟೆಂಟ್ ಪಡೆದರು. ಮನುಷ್ಯರ ಹೆಸರನ್ನೂ ಅನುವಾದ ಮಾಡೋಣವೇ? ಕದ್ರಿ ಗೋಪಾಲನಾಥರು ಅದರಲ್ಲಿ ಕೀರ್ತನೆ ನುಡಿಸಿದ ಮೇಲೂ ಜನ ಸ್ಯಾಕ್ಸೊಫೋನ್ ಎಂದೇ ಕರೆದರು. ಯಾರಿಗೂ ತೊಂದರೆ ಆಗಲಿಲ್ಲ.

ಇನ್ನು ‘ಜೊತೆಗಾರ’. ಅದರ ‘ಗಾರ’ ಬಂದದ್ದು ಸಂಸ್ಕೃತದ ‘ಕಾರ’ದಿಂದ.

— ಸ.

*

ಬಂದು ಸಾವಿರ ವರ್ಷವಾಯಿತು. ನಮ್ಮದಾಗಿದೆ.

— ವೀ.

*

ಹಾಗಾದರೆ ಎಷ್ಟು ವರ್ಷಕ್ಕೆ ನಮ್ಮದಾಗುತ್ತದೆ? ಲೆಕ್ಕ ಹೇಳಿಬಿಡಿ. ಸ್ಯಾಕ್ಸೊಫೋನ್ ಅಲ್ಲಿಯವರೆಗೆ ಹೊರಗೆ ಕಾಯಲಿ.

— ಸ.

*

ಇಬ್ಬರೂ ನಿಲ್ಲಿಸಿ. ಪಾಪ, ಕೇಳಿದವರಿಗೆ ಬೆಳಿಗ್ಗೆಯೊಳಗೆ ಪದ ಬೇಕು. ಬ್ಲೇಕಿ ಉದಾಹರಣೆ ಒಪ್ಪಿದೆ, ಪಕ್ಕವಾದ್ಯ ವಾಪಸ್ ತಗೊಂಡೆ.

ಎರಡನೇ ಪ್ರಶ್ನೆಗೆ ಯಾರೂ ಕೈ ಹಾಕಿಲ್ಲ. ‘ಶಿಕ್ಷಣತಜ್ಞ’ ಬೇಡ. ಸಮಿತಿಯಲ್ಲಿ ಕೂತು ವರದಿ ಬರೆಯುವವರ ಹಾಗೆ ಕೇಳಿಸುತ್ತದೆ. ಮೆಕ್ಲೀನ್ ಅಮೆರಿಕದ ಹಾರ್ಟ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿದವರು, ಅಲ್ಲಿ ಜಾಝ್ ಪದವಿಯನ್ನು ಶುರುಮಾಡಿದವರು. 1970ರಲ್ಲಿ ಹೆಂಡತಿ ಡಾಲಿ ಜೊತೆ ಸೇರಿ ಅದೇ ಊರಲ್ಲಿ ‘ಆರ್ಟಿಸ್ಟ್ಸ್ ಕಲೆಕ್ಟಿವ್’ ಕಟ್ಟಿದರು. ಮಕ್ಕಳಿಗೆ ಸಂಗೀತ, ಕುಣಿತ, ನಾಟಕ ಕಲಿಸುವ ಜಾಗ ಅದು. ಇಂಥವರನ್ನು ‘ಸಂಗೀತದ ಮೇಷ್ಟ್ರು’ ಅಂದರೆ ಏನು ಕಮ್ಮಿ?

— ಗೋ.

*

ಎಲ್ಲರಿಗೂ ಥ್ಯಾಂಕ್ಸ್. ಲೇಖನ ಈಗಷ್ಟೇ ಕಳಿಸಿದೆ. ಮೊದಲ ಸಲ ‘ಸೈಡ್‌ಮನ್’ ಎಂದೇ ಬರೆದು, ಸಂಬಳದ ವಿಷಯ ಒಂದು ಸಾಲಿನಲ್ಲಿ ಹೇಳಿದೆ. ಆಮೇಲೆ ಹೆಸರುಪದವನ್ನೇ ಬಿಟ್ಟು ‘ಬ್ಲೇಕಿ ತಂಡದಲ್ಲಿ ನುಡಿಸಿದರು’, ‘ಮಿಂಗಸ್ ಕರೆದಾಗ ಹೋದರು’ ಎಂದು ಬರೆದೆ. ಸಲೀಸಾಗಿ ಹೋಯಿತು. ಮೇಷ್ಟ್ರು ತಲೆಬರಹಕ್ಕೇ ಹೋದರು.

ಜಾಝ್‌ನ ಒಂದು ಶೈಲಿಯಾದ ‘ಬೀಬಾಪ್’ ಬಗ್ಗೆಯೂ ಕೇಳಬೇಕೆಂದಿದ್ದೆ. ಬೇಡ, ಹಾಗೇ ಇರಲಿ.

— ಅ.

*

ಸದ್ದನ್ನು ಅನುಕರಿಸಿ ಹುಟ್ಟಿದ ಪದ ಅದು. ಅನುಕರಣೆಯ ಪದಗಳಿಗೆ ಕನ್ನಡದಲ್ಲಿ ಬರವೇ? ಬೆಳಿಗ್ಗೆ ವಿವರವಾಗಿ ಬರೆಯುತ್ತೇನೆ.

— ವೀ.